ಗರಗದ ದುಡಿಮೆ, ಬಿಡುವು, ನಲಿವು

ದುಡಿಮೆ, ಬಿಡುವು, ನಲಿವು ಮೂರೂ ಒಂದೇ ದಿನದೊಳಗೆ ಕೂಡಿ ಬರಬೇಕಾದವು. ಮೊದಲು ದುಡಿದು ಮುಗಿಸೋಣ, ಆಮೇಲೆ ದಣಿವಾರಿಸಿಕೊಳ್ಳೋಣ, ಖುಷಿಪಡುವುದು ಕೊನೆಗಿರಲಿ ಎಂದು ಹೊರಟವರಿಗೆ ಮೊದಲನೆಯದೇ ಮುಗಿಯುವುದಿಲ್ಲ. ಮೂರನ್ನೂ ಹೊಂದಿಸುವುದು ಆಯಾ ಮನುಷ್ಯನ ಜಾಣತನಕ್ಕೆ ಬಿಟ್ಟ ಸಂಗತಿ ಎಂದು ಇಂದಿನ ಸಲಹೆಗಾರರು ಹೇಳುತ್ತಾರೆ. ಹಿಂದಿನ ಊರುಗಳು ಹಾಗೆ ತಿಳಿದಿರಲಿಲ್ಲ. ಯಾವ ದಿನ ದುಡಿಯಬೇಕು, ಯಾವ ದಿನ ದುಡಿಯಬಾರದು, ದುಡಿಯುವಾಗ ಏನು ಹಾಡಬೇಕು ಎಂಬುದನ್ನೆಲ್ಲ ಊರೇ ಗೊತ್ತುಮಾಡಿತ್ತು.

ಈ ಎರಡೂ ರೀತಿಗಳನ್ನು ಒಂದೇ ಕಡೆ ನೋಡಬೇಕಾದರೆ ಧಾರವಾಡ ತಾಲ್ಲೂಕಿನ ಗರಗಕ್ಕೆ ಹೋಗಬೇಕು. ಧಾರವಾಡದಿಂದ ಬೆಳಗಾವಿಯ ಕಡೆಗೆ ಹೋಗುವ ಹೆದ್ದಾರಿಯಿಂದ ಒಳಗೆ ತಿರುಗಿದರೆ ಸಿಗುವ ಎರೆಭೂಮಿಯ ದೊಡ್ಡ ಊರು ಇದು. ಮಡಿವಾಳೇಶ್ವರ ಮಠದಿಂದಾಗಿ ಸುತ್ತಲ ಸೀಮೆಗೆಲ್ಲ ಗೊತ್ತಿರುವ ಹೆಸರು. ನಾಡಿನ ಹೊರಗೆ ಗರಗ ಗೊತ್ತಿರುವುದು ರಾಷ್ಟ್ರಧ್ವಜದ ಬಟ್ಟೆಯಿಂದ. 1950ರ ದಶಕದಲ್ಲಿ ಇಲ್ಲಿ ಆರಂಭವಾದ ಧಾರವಾಡ ತಾಲ್ಲೂಕು ಗರಗ ಕ್ಷೇತ್ರೀಯ ಸೇವಾ ಸಂಘ ಧ್ವಜಕ್ಕೆ ಬೇಕಾದ ಖಾದಿಯನ್ನು ನೂಲಿಸಿ ನೇಯಿಸುತ್ತ ಬಂದಿದೆ. ಬಹುಕಾಲ ದೇಶದಲ್ಲಿ ಧ್ವಜದ ಬಟ್ಟೆ ಎಂದರೆ ಗರಗದ ಬಟ್ಟೆ ಎಂಬ ಮಾತಿತ್ತು. ಹೀಗೆ ಊರಿನಲ್ಲಿ ಎರಡು ಬಗೆಯ ದುಡಿಮೆ ಅಕ್ಕಪಕ್ಕ ನಡೆದಿವೆ. ಒಂದು ಒಕ್ಕಲುತನ, ಅದರ ಬಿಡುವನ್ನು ಮಳೆ, ಹಬ್ಬ, ಎತ್ತುಗಳು ನಿರ್ಧರಿಸುತ್ತವೆ. ಇನ್ನೊಂದು ಚರಕ ಮತ್ತು ಮಗ್ಗದ ಕೆಲಸ, ಅಲ್ಲಿ ನೂತಷ್ಟು ಲಡಿಗೆ (ನೂಲಿನ ಸುರುಳಿಗೆ), ನೇಯ್ದಷ್ಟು ಮೀಟರಿಗೆ ಮಜೂರಿ. ಎಷ್ಟು ದುಡಿಯಬೇಕು, ಯಾವಾಗ ನಿಲ್ಲಬೇಕು ಎಂಬುದು ದುಡಿಯುವವರ ಕೈಯಲ್ಲಿದೆ ಎಂದು ಹೊರಗಿನವರಿಗೆ ತೋರುತ್ತದೆ.

ಹೊಲ ಕಟ್ಟಿಕೊಟ್ಟ ಬಿಡುವು

ಉತ್ತರ ಕರ್ನಾಟಕದ ಒಕ್ಕಲಿಗರಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಬಾರದೆಂಬ ಕಟ್ಟಳೆ ಇದೆ. ಅದು ಬಸವಣ್ಣನ ವಾರ. ಹರಗುವುದು, ಬಿತ್ತುವುದು ಎಷ್ಟೇ ತುರ್ತಾಗಿದ್ದರೂ ಅಂದು ಎತ್ತಿಗೆ ಮೈ ತೊಳೆದು ಮೇವು ಹಾಕಬೇಕು. ಈ ಕಟ್ಟಳೆಯ ಒಳ್ಳೆಯತನ ಇರುವುದು ಅದು ಎಲ್ಲರಿಗೂ ಒಂದೇ ಎಂಬುದರಲ್ಲಿ. ಪಕ್ಕದ ಹೊಲದವನು ಬಿತ್ತುತ್ತಿರುವಾಗ ತಾನೊಬ್ಬ ಸುಮ್ಮನೆ ಕೂತರೆ ಮನಸ್ಸು ಕುದಿಯುತ್ತದೆ, ಇಡೀ ಊರೇ ಕೂತಾಗ ಹಾಗಾಗುವುದಿಲ್ಲ. ಎತ್ತಿಗೆ ಸಿಕ್ಕ ಬಿಡುವು ಅದರ ಹಿಂದೆ ನಡೆಯುವ ಮನುಷ್ಯನಿಗೂ ಅರ್ಧದಷ್ಟಾದರೂ ಸಿಕ್ಕೇ ಸಿಗುತ್ತಿತ್ತು. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ. ಅದು ಬಂದಮೇಲೆ ಹೊಲದ ಕೆಲಸ ಬೇಗ ಮುಗಿಯುತ್ತದೆ, ಮೈನೋವು ಕಡಿಮೆಯಾಗಿದೆ ಎಂಬುದು ನಿಜ. ಆದರೆ ವಾರದಲ್ಲಿ ಒಂದು ದಿನ ಎಲ್ಲರೂ ಒಟ್ಟಿಗೆ ನಿಲ್ಲುವ ರೂಢಿ ಅದರೊಂದಿಗೆ ಸಡಿಲಾಯಿತು.

ವರ್ಷದ ಹಬ್ಬಗಳ ಸಾಲನ್ನು ಬೇಸಾಯದ ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮುಂಗಾರಿನ ಬಿತ್ತನೆಯ ಹೊತ್ತಿಗೆ ಕಾರ ಹುಣ್ಣಿಮೆ, ಅಂದು ಎತ್ತುಗಳ ಕೋಡಿಗೆ ಬಣ್ಣ, ಮೈಗೆ ಜೂಲು, ಸಂಜೆ ಕರಿ ಹರಿಯುವುದು. ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಬೆಳೆ ಮೇಲೆದ್ದು ಕಳೆ ತೆಗೆಯುವ ಕಾಲಕ್ಕೆ ಶ್ರಾವಣದ ನಾಗರ ಪಂಚಮಿ. ಹಿಂಗಾರಿ ಬಿತ್ತನೆಯ ಹೊತ್ತಿಗೆ ಸೀಗಿ ಹುಣ್ಣಿಮೆ, ಬಿಳಿಜೋಳ ತೆನೆಗೆ ಬರುವಾಗ ಎಳ್ಳ ಅಮಾವಾಸ್ಯೆ. ಈ ಎರಡರಲ್ಲೂ ಹೊಲಕ್ಕೇ ಬುತ್ತಿ ಹೊತ್ತುಕೊಂಡು ಹೋಗಿ, ಚರಗ ಚೆಲ್ಲಿ, ಬನ್ನಿಯ ಗಿಡವೋ ಬೇವಿನ ಗಿಡವೋ ಇದ್ದಲ್ಲಿ ನೆರಳಿಗೆ ಕೂತು ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಕಡಬು ಉಣ್ಣುತ್ತಾರೆ. ಬೆವರು ಸುರಿಸಿದ ನೆಲದ ಮೇಲೆಯೇ ಒಂದು ದಿನ ಕೆಲಸವಿಲ್ಲದೆ ಕೂರುವುದು, ನೆಂಟರಿಷ್ಟರನ್ನು ಕೂರಿಸಿಕೊಂಡು ಉಣ್ಣುವುದು ಸಣ್ಣ ಸಂಗತಿಯಲ್ಲ. ದುಡಿಮೆಯ ಜಾಗದ ಜೊತೆಗೆ ದಣಿವು ಮಾತ್ರ ಅಂಟಿಕೊಳ್ಳದಂತೆ ಇದು ನೋಡಿಕೊಳ್ಳುತ್ತದೆ.

ನಲಿವನ್ನು ಕೆಲಸದ ಒಳಗೇ ತಂದವು ಹಾಡುಗಳು. ಜೋಳದ ರಾಶಿಯ ಕಾಲದಲ್ಲಿ ಸಗಣಿ ಸಾರಿಸಿದ ಕಣದ ನಡುವೆ ಮೇಟಿ ನೆಟ್ಟು, ಅದಕ್ಕೆ ಎತ್ತುಗಳ ಸಾಲು ಕಟ್ಟಿ, ತೆನೆಯ ಮೇಲೆ ರಾತ್ರಿಯಿಡೀ ಸುತ್ತು ಹಾಕಿಸುತ್ತಿದ್ದರು. ಅದು ಹಂತಿ. ನಿದ್ದೆ ಎಳೆಯುವ ಹೊತ್ತು, ಸುತ್ತುವುದೂ ಒಂದೇ ದಾರಿ. ಒಬ್ಬ ಪದ ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯುತ್ತಿದ್ದರು, ಎತ್ತಿನ ಹೆಜ್ಜೆಯೇ ತಾಳ. ಕಥೆಯ ಪದಗಳು ಉದ್ದವಾಗಿರುತ್ತಿದ್ದವು, ಮುಂದೇನಾಯಿತು ಎಂಬ ಕುತೂಹಲವೇ ಕಣ್ಣು ಮುಚ್ಚದಂತೆ ತಡೆಯುತ್ತಿತ್ತು. ರಾಶಿ ಮಾಡಲು ಮುಯ್ಯಾಳು ಬರುತ್ತಿದ್ದುದರಿಂದ ಕೆಲಸಕ್ಕೆ ಜೊತೆಗಾರರ ಕೊರತೆಯೂ ಇರಲಿಲ್ಲ.

ಮನೆಯೊಳಗೆ ಇದೇ ಕೆಲಸ ಮಾಡಿದ್ದು ಬೀಸುವ ಪದ. ನಸುಕಿನಲ್ಲಿ ಇಬ್ಬರು ಹೆಣ್ಣುಮಕ್ಕಳು ಎದುರುಬದುರು ಕೂತು ಒಂದೇ ಗೂಟ ಹಿಡಿದು ಜೋಳ ಬೀಸುವಾಗ ತ್ರಿಪದಿಯ ಒಂದೊಂದು ಸಾಲು ಕಲ್ಲಿನ ಸುತ್ತಿಗೆ ಹೊಂದಿಕೊಳ್ಳುತ್ತಿತ್ತು. ತವರು, ಅಣ್ಣ, ಅತ್ತಿ, ಗಂಡ, ದೇವರು ಎಲ್ಲವೂ ಆ ಪದಗಳಲ್ಲಿ ಬಂದವು. ಬೇರೆ ಹೊತ್ತಿನಲ್ಲಿ ಆಡಲಾಗದ ಮಾತನ್ನು ಆಡಲು ಕೆಲಸವೇ ಎಡೆ ಮಾಡಿಕೊಟ್ಟಿತ್ತು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಹೊರತಂದರು. ಆ ಪುಸ್ತಕವನ್ನು ಸಾಹಿತ್ಯವೆಂದು ಓದುವವರೇ ಹೆಚ್ಚು. ಅದು ದುಡಿಮೆಯ ದಾಖಲೆಯೂ ಹೌದು. ಬೀಸುವ ಕಲ್ಲಿನ ಭಾರ ಹಾಡಿನಿಂದ ಇಳಿಯಲಿಲ್ಲ, ಗಿರಣಿ ಬಂದಾಗ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟರು, ಹಾಡಿಗಾಗಿ ಕಲ್ಲನ್ನು ಮರಳಿ ತರಬೇಕೆಂದು ಯಾರೂ ಕೇಳುವುದಿಲ್ಲ. ಹಾಗೆ ಕೇಳುವುದು ಅವರಿಗೆ ಮಾಡುವ ಅನ್ಯಾಯವೇ ಸರಿ.

ಸಾಕು ಎಂಬ ಗೆರೆ

ದುಡಿಮೆಗೆ ಕೊನೆ ಎಲ್ಲಿ ಎಂಬ ಪ್ರಶ್ನೆಯನ್ನು ಈ ನಾಡಿನಲ್ಲಿ ನೇರವಾಗಿ ಎತ್ತಿಕೊಂಡವರು ಹನ್ನೆರಡನೆಯ ಶತಮಾನದ ಶರಣರು. ಕಾಯಕವೆಂದರೆ ಬಿಡುವಿಲ್ಲದೆ ದುಡಿಯುವುದು ಎಂಬ ಅರ್ಥದಲ್ಲಿ ಅವರ ‘ಕಾಯಕವೇ ಕೈಲಾಸ’ ಎಂಬ ಮಾತು ಇಂದು ಕಚೇರಿಗಳ ಗೋಡೆಯ ಮೇಲೂ ಬರೆದಿರುತ್ತದೆ. ಆದರೆ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕಥೆ ಬೇರೆಯದನ್ನೇ ಹೇಳುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಮೆಚ್ಚಲಿಲ್ಲ, ನಿತ್ಯದ ದಾಸೋಹಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಗಂಡನನ್ನು ಮರಳಿ ಕಳಿಸಿದಳು. ಕಾಯಕಕ್ಕೆ ನಿಷ್ಠೆ ಎಷ್ಟು ಮುಖ್ಯವೋ ಅದಕ್ಕೊಂದು ಅಳತೆಯೂ ಅಷ್ಟೇ ಮುಖ್ಯ ಎಂಬುದು ಇಲ್ಲಿಯ ತಿಳಿವಳಿಕೆ. ಹೆಚ್ಚು ದುಡಿದವನನ್ನು ಹೊಗಳುವುದಕ್ಕೆ ಬದಲಾಗಿ ಹೆಚ್ಚು ಏಕೆ ಬೇಕು ಎಂದು ಕೇಳಿದ ಹೆಣ್ಣುಮಗಳು ಅವಳು. ಕಾಯಕದ ಬಗ್ಗೆ ಮಾತಾಡುವಾಗ ಈ ಅರ್ಧವನ್ನು ಬಿಟ್ಟುಬಿಡುವುದು ಸರಿಯಲ್ಲ.

ಸಾಕು ಎನ್ನಬೇಕಾದರೆ ಬಂದದ್ದು ಹೊಟ್ಟೆಗೆ ಸಾಲುವಂತಿರಬೇಕು. ಗರಗದ ಇನ್ನೊಂದು ದುಡಿಮೆಯ ಕಥೆ ಶುರುವಾಗುವುದು ಇಲ್ಲಿಂದ.

ಚರಕದ ಮುಂದೆ

ಗುಡಿಸಿಲಿನ ಅಜ್ಜಿ ಒಂದೇ ಕದಿರಿನಲ್ಲಿ ನೂಲು ತೆಗೆಯುವ ಚಿತ್ರ ಖಾದಿಯ ಬಗ್ಗೆ ಎಲ್ಲರ ಮನಸ್ಸಿನಲ್ಲಿದೆ. ಇಂದಿನ ಖಾದಿ ಕೇಂದ್ರಗಳಲ್ಲಿ ಇರುವುದು ಅಂಬರ ಚರಕದ ಮಾದರಿಯಲ್ಲಿ ಬೆಳೆದ, ಆರು ಅಥವಾ ಎಂಟು ಕದಿರಿನ ಯಂತ್ರ. ತಮಿಳುನಾಡಿನ ಏಕಾಂಬರನಾಥರು ರೂಪಿಸಿದ ಚರಕವಾದ್ದರಿಂದ ಅದಕ್ಕೆ ಆ ಹೆಸರು. ಮೇಲಿನಿಂದ ಹಂಜಿ ಇಳಿಯುತ್ತದೆ, ಉರುಳೆಗಳ ನಡುವೆ ಹಾದು ಸಣ್ಣಗಾಗುತ್ತದೆ, ಕೆಳಗೆ ತಿರುಗುವ ಕದಿರು ಅದಕ್ಕೆ ಹುರಿ ಕೊಟ್ಟು ಬಾಬಿನ್ನಿಗೆ ಸುತ್ತುತ್ತದೆ. ದಕ್ಷಿಣದ ಖಾದಿ ಸಂಸ್ಥೆಗಳಿಗೆ ಹಂಜಿ ಒದಗಿಸುವ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಘಟಕ ಚಿತ್ರದುರ್ಗದಲ್ಲಿದೆ.

ನೂಲುವವರ ಒಂದು ಕೈ ಹಿಡಿಕೆಯನ್ನು ತಿರುಗಿಸುತ್ತಲೇ ಇರುತ್ತದೆ, ಕಣ್ಣು ಎಂಟೂ ಎಳೆಗಳ ಮೇಲೆ. ಒಂದು ಎಳೆ ಹರಿಯಿತೆನ್ನಿ. ತಿರುಗಿಸುವುದನ್ನು ನಿಲ್ಲಿಸಿ, ಬಾಬಿನ್ನಿನ ಮೇಲೆ ಮರೆಯಾದ ತುದಿಯನ್ನು ಹುಡುಕಿ, ಉರುಳೆಯಿಂದ ಇಳಿಯುವ ಹತ್ತಿಯ ನಾರಿಗೆ ತಾಗಿಸಿ, ಬೆರಳಿನಿಂದ ಹೊಸೆದು ಮತ್ತೆ ಬಿಡಬೇಕು. ಪಳಗಿದ ಕೈಗೆ ಇದು ಕ್ಷಣದ ಕೆಲಸ. ದಣಿದ ಕೈಗೆ ಮಾತ್ರ ತುದಿ ಸಿಗುವುದು ತಡವಾಗುತ್ತದೆ, ಕೂಡಿಸಿದ ಜಾಗದಲ್ಲಿ ಗಂಟು ದಪ್ಪವಾಗುತ್ತದೆ. ಆ ಗಂಟು ಮುಂದೆ ಮಗ್ಗದ ಹಣಿಗೆಯಲ್ಲಿ ಸಿಕ್ಕಿ ಹಾಸಿನ ಎಳೆಯನ್ನು ಹರಿಯುತ್ತದೆ. ಅಲ್ಲಿ ನೇಕಾರ ಲಾಳಿ ನಿಲ್ಲಿಸಿ ಎಳೆ ಕಟ್ಟಬೇಕು. ಒಬ್ಬರ ದಣಿವು ಹೀಗೆ ಇನ್ನೊಬ್ಬರ ಹೊತ್ತನ್ನು ತಿನ್ನುತ್ತದೆ.

ಧ್ವಜದ ಬಟ್ಟೆಗೆ ಬಂದರೆ ಈ ಸಂಗತಿ ಇನ್ನೂ ತೂಕದ್ದು. ಭಾರತೀಯ ಮಾನಕ ಸಂಸ್ಥೆ ರಾಷ್ಟ್ರಧ್ವಜಕ್ಕಾಗಿ ರೂಪಿಸಿದ ಮಾನದಂಡಕ್ಕೆ ಐಎಸ್ 1 ಎಂದು ಹೆಸರು. ದೇಶದ ಮಾನದಂಡಗಳ ಪಟ್ಟಿಯಲ್ಲಿ ಅದಕ್ಕೇ ಮೊದಲ ಸಂಖ್ಯೆ. ಬಾವುಟದ ಮೈಗೆ ಬೇಕಾದ ಬಟ್ಟೆ ಒಂದು ಬಗೆ, ಹಗ್ಗ ಪೋಣಿಸುವ ಅಂಚಿನ ದಪ್ಪ ಬಟ್ಟೆ ಇನ್ನೊಂದು. ಎಳೆಗಳ ಎಣಿಕೆ, ಬಟ್ಟೆಯ ತೂಕ, ಗಟ್ಟಿತನ, ಬಣ್ಣ ನಿಲ್ಲುವ ಗುಣ ಎಲ್ಲಕ್ಕೂ ಲೆಕ್ಕವಿದೆ. ಅಳತೆಗೆ ಹೊಂದದ ಬಟ್ಟೆ ಧ್ವಜವಾಗುವುದಿಲ್ಲ. ಅವಸರದಲ್ಲಿ ಮಾಡಿದ ಕೆಲಸಕ್ಕೆ ಇಲ್ಲಿ ಬೆಲೆ ಇಲ್ಲ, ತಾಳ್ಮೆಯೇ ಇದರ ಬಂಡವಾಳ. ಆದರೆ ಮಜೂರಿಯ ಲೆಕ್ಕ ಅವಸರವನ್ನೇ ಬೇಡುತ್ತದೆ. ಈ ಎರಡರ ನಡುವೆ ನೂಲುವವರು, ನೇಯುವವರು ಸಿಕ್ಕಿಕೊಳ್ಳುತ್ತಾರೆ.

ಲಡಿಯ ಲೆಕ್ಕ ಹೀಗಿದೆ. 1000 ಮೀಟರ್ ನೂಲು ಎಂದರೆ ಒಂದು ಲಡಿ. ಖಾದಿ ಆಯೋಗ ನೂಲುವವರ ಮಜೂರಿಯನ್ನು 2023ರ ಏಪ್ರಿಲ್‌ನಲ್ಲಿ ಲಡಿಗೆ 7 ರೂಪಾಯಿ 50 ಪೈಸೆಯಿಂದ 10 ರೂಪಾಯಿಗೆ, 2024ರ ಗಾಂಧಿ ಜಯಂತಿಯಂದು 12 ರೂಪಾಯಿ 50 ಪೈಸೆಗೆ, 2025ರ ಏಪ್ರಿಲ್‌ನಲ್ಲಿ 15 ರೂಪಾಯಿಗೆ ಏರಿಸಿತು. ಎರಡು ವರ್ಷದಲ್ಲಿ ದುಪ್ಪಟ್ಟಾದದ್ದು ಒಳ್ಳೆಯ ಸುದ್ದಿಯೇ. ಆದರೂ ದಿನಕ್ಕೆ 20 ಲಡಿ, ಅಂದರೆ 20 ಕಿಲೋಮೀಟರ್ ಉದ್ದದ ನೂಲು ತೆಗೆದವರಿಗೆ ಈ ದರದಲ್ಲಿ ಸಿಗುವುದು 300 ರೂಪಾಯಿ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅದನ್ನು ಮುಟ್ಟಬೇಕಾದರೆ, ನೂಲುವವರಿಗೆ ರಾಜ್ಯ ಸರ್ಕಾರ ಕೊಡುವ ಪ್ರೋತ್ಸಾಹಧನವನ್ನು ಬಿಟ್ಟು ನೋಡಿದಾಗ, 25 ಲಡಿ ನೂಲಬೇಕು. ಐದು ಲಡಿ ಹೆಚ್ಚಿಗೆ ಬೇಕೆಂದರೆ ಅದು ಎಲ್ಲಿಂದ ಬರುತ್ತದೆ? ಮಧ್ಯಾಹ್ನದ ಊಟದ ನಂತರ ಹತ್ತು ನಿಮಿಷ ಕಾಲು ಚಾಚುವುದರಿಂದ ಬರುತ್ತದೆ, ಪಕ್ಕದವಳ ಜೊತೆಗಿನ ಮಾತಿನಿಂದ ಬರುತ್ತದೆ. ಮಜೂರಿ ಕಡಿಮೆ ಇದ್ದಾಗ ಮೊದಲು ಹೋಗುವುದು ಬಿಡುವು, ಅದರ ಹಿಂದೆಯೇ ನಲಿವು.

ಗಾಂಧೀಜಿಗೆ ಈ ಸಂಕಟ ಗೊತ್ತಿತ್ತು. ನೂಲುವುದರ ಬಗ್ಗೆ ಅವರ ವಿಚಾರ ಬೆಳೆದ ರೀತಿಯಲ್ಲೂ ಅದು ಕಾಣುತ್ತದೆ. 1924ರ ಡಿಸೆಂಬರಿನಲ್ಲಿ ಅವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನ ತಿಂಗಳಿಗೆ 2000 ಗಜ ಕೈನೂಲು ಕೊಡುವುದನ್ನು ಸದಸ್ಯತ್ವದ ಷರತ್ತಾಗಿ ಮಾಡಿತು. ಅದು ಓದಿದವರು ದಿನಕ್ಕೆ ಸ್ವಲ್ಪ ಹೊತ್ತು ಮಾಡುವ ವ್ರತದಂಥ ನೂಲುವಿಕೆ. 1925ರಲ್ಲಿ ಚರಕಾ ಸಂಘ ಹುಟ್ಟಿ ಹಳ್ಳಿಯ ಲಕ್ಷಾಂತರ ಹೆಣ್ಣುಮಕ್ಕಳು ಹೊಟ್ಟೆಪಾಡಿಗಾಗಿ ನೂಲತೊಡಗಿದ ಮೇಲೆ ಪ್ರಶ್ನೆ ಬೇರೆಯಾಯಿತು. ಖಾದಿ ಅಗ್ಗವಾಗಲಿ ಎಂದು ಇವರಿಗೆ ಕಡಿಮೆ ಕೊಡುವುದು ಶೋಷಣೆ ಎಂದು 1935ರಲ್ಲಿ ಗಾಂಧೀಜಿ ಬರೆದರು, ಎಂಟು ತಾಸಿನ ದುಡಿಮೆಗೆ ಎಂಟಾಣೆ ಸಿಗಬೇಕೆಂದು ವಾದಿಸಿದರು. ಅಷ್ಟು ಕೊಡುವುದು ಸಂಘಕ್ಕೆ ಆಗಲಿಲ್ಲ, ಆದರೆ ಜೀವನಕ್ಕಾಗುವ ಮಜೂರಿ ಎಂಬ ವಿಚಾರ ಅಲ್ಲಿಂದ ಖಾದಿಯೊಳಗೆ ಉಳಿಯಿತು. ಅವರ ಲೆಕ್ಕದಲ್ಲಿ ತಾಸು ಮತ್ತು ಮಜೂರಿ ಎರಡೂ ಒಟ್ಟಿಗೇ ಇದ್ದವು ಎಂಬುದನ್ನು ಗಮನಿಸಬೇಕು. ಸ್ವತಃ ಅವರು ಸೋಮವಾರವನ್ನು ಮೌನದ ದಿನವಾಗಿ ಇಟ್ಟುಕೊಂಡಿದ್ದರು. ಮಾತು ನಿಂತರೂ ಬರವಣಿಗೆ, ನೂಲು ನಿಲ್ಲುತ್ತಿರಲಿಲ್ಲ. ಅತಿ ಹೆಚ್ಚು ದಣಿಸುವ ಕೆಲಸ ಯಾವುದೋ ಅದಕ್ಕೆ ಅವರು ಬಿಡುವು ಕೊಟ್ಟಿದ್ದರು.

ದಣಿವನ್ನು ಅಳೆದವರು

ಹೆಚ್ಚು ಹೊತ್ತು ದುಡಿದರೆ ಹೆಚ್ಚು ಕೆಲಸವಾಗುತ್ತದೆ ಎಂಬ ನಂಬಿಕೆಯನ್ನು ಅಂಕಿಗಳ ಮೂಲಕ ಅಲುಗಾಡಿಸಿದ್ದು ಮೊದಲ ಮಹಾಯುದ್ಧದ ಇಂಗ್ಲೆಂಡು. ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಹೆಂಗಸರೂ ಗಂಡಸರೂ ವಾರಕ್ಕೆ 60 ತಾಸಿಗೂ ಮೀರಿ, ಭಾನುವಾರವೂ ಬಿಡದೆ ದುಡಿಯುತ್ತಿದ್ದರು. 1915ರಲ್ಲಿ ನೇಮಕವಾದ ಸಮಿತಿಯೊಂದು ಅವರ ಆರೋಗ್ಯ ಮತ್ತು ಉತ್ಪಾದನೆಯನ್ನು ವಾರವಾರವೂ ಬರೆದಿಟ್ಟುಕೊಂಡಿತು. ತಾಸುಗಳನ್ನು ಇಳಿಸಿದಾಗ ಒಟ್ಟು ಉತ್ಪಾದನೆ ಕುಸಿಯಲಿಲ್ಲ, ಕೆಲವು ವಿಭಾಗಗಳಲ್ಲಿ ಏರಿತು. ಸುಮಾರು ನೂರು ವರ್ಷದ ನಂತರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ ಅದೇ ದಾಖಲೆಗಳನ್ನು ಮತ್ತೆ ಪರಿಶೀಲಿಸಿದರು. ವಾರಕ್ಕೆ 50 ತಾಸಿನ ಆಸುಪಾಸು ದಾಟಿದ ಮೇಲೆ ಪ್ರತಿ ಹೆಚ್ಚುವರಿ ತಾಸಿನಿಂದ ಸಿಗುವ ಫಲ ಇಳಿಯುತ್ತ ಹೋಗುತ್ತದೆ, ವಾರಕ್ಕೊಂದು ದಿನದ ರಜೆ ಇಲ್ಲದಿದ್ದರೆ ಉಳಿದ ದಿನಗಳ ಕೆಲಸವೂ ಕೆಡುತ್ತದೆ ಎಂದು ಕಂಡುಕೊಂಡರು. ಬಸವಣ್ಣನ ಸೋಮವಾರಕ್ಕೆ ಅಂಕಿಯ ಆಧಾರ ಬೇಕಿರಲಿಲ್ಲ, ಆದರೆ ಸಿಕ್ಕಿದೆ.

ಚರಕದಂಥ ಒಂದೇ ಬಗೆಯ ಕೆಲಸಕ್ಕೆ ದಿನದ ಕೊನೆಯಲ್ಲಿ ಸಿಗುವ ಒಂದು ದೊಡ್ಡ ಬಿಡುವಿಗಿಂತ ನಡುನಡುವೆ ಸಿಗುವ ಸಣ್ಣ ಬಿಡುವುಗಳು ಹೆಚ್ಚು ಉಪಕಾರಿ. ಭುಜದ ಸ್ನಾಯು ಬಿಗಿದು ನೋವಾಗುವ ಮೊದಲೇ ಕೈ ಇಳಿಸಿದರೆ ಅದು ಬೇಗ ಚೇತರಿಸಿಕೊಳ್ಳುತ್ತದೆ, ನೋವು ಶುರುವಾದ ಮೇಲೆ ಇಳಿಸಿದರೆ ಬಹಳ ಹೊತ್ತು ಬೇಕು. ಎದ್ದು ನಾಲ್ಕು ಹೆಜ್ಜೆ ಹಾಕುವುದು, ಕಿಟಕಿಯಾಚೆ ದೂರದ ಗಿಡವನ್ನು ನೋಡಿ ಕಣ್ಣಿಗೆ ಬಿಡುವು ಕೊಡುವುದು, ನೀರು ಕುಡಿಯುವುದು ಎಲ್ಲ ಇದರಲ್ಲಿ ಸೇರುತ್ತದೆ. ಕುಣಿಮಗ್ಗದಲ್ಲಿ ಕೂತು ಕಾಲಿನಿಂದ ಪಟ್ಟಿ ತುಳಿಯುವವರಿಗೆ ಸೊಂಟದ ಮೇಲೆ ಭಾರ ಬೀಳುವುದರಿಂದ ಅವರು ಎದ್ದು ನಿಲ್ಲುವುದು ಇನ್ನೂ ಅಗತ್ಯ.

ಅತಿದುಡಿಮೆಯ ಬೆಲೆ ಎಷ್ಟೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಲೆಕ್ಕ ಹಾಕಿದವು. ವಾರಕ್ಕೆ 55 ತಾಸು ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ 35ರಿಂದ 40 ತಾಸು ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಇದರಿಂದ ಜಗತ್ತಿನಲ್ಲಿ ಸುಮಾರು 7 ಲಕ್ಷ 45 ಸಾವಿರ ಜನ ಸತ್ತರು ಎಂದು ಆ ವರದಿ ಅಂದಾಜಿಸಿತು. ವಾರಕ್ಕೆ 70 ತಾಸು ದುಡಿಯಬೇಕೆಂಬ ಮಾತು ಬೆಂಗಳೂರಿನ ಉದ್ಯಮಲೋಕದಿಂದ 2023ರಲ್ಲಿ ಬಂದಾಗ ನಾಡೆಲ್ಲ ಚರ್ಚೆಯಾಯಿತು. ಆ ಚರ್ಚೆಯಲ್ಲಿ ಈ ಅಂಕಿಗಳಿಗೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ.

ನಲಿವಿನ ಕಡೆಯಿಂದ ನೋಡಿದವರೂ ಇದ್ದಾರೆ. ಹಂಗೇರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ 1970ರ ದಶಕದಿಂದ ಕಲಾವಿದರು, ಶಸ್ತ್ರವೈದ್ಯರು, ಬೆಟ್ಟ ಹತ್ತುವವರು ಮೊದಲಾದವರನ್ನು ಮಾತಾಡಿಸಿ, ಹೊತ್ತು ಹೋದದ್ದೇ ಗೊತ್ತಾಗದಂಥ ತನ್ಮಯತೆ ಯಾವಾಗ ಬರುತ್ತದೆ ಎಂದು ಕೇಳುತ್ತ ಹೋದರು. ಕೆಲಸ ತೀರ ಸುಲಭವೂ ಆಗಿರಬಾರದು, ಕೈಗೆ ಮೀರಿದ್ದೂ ಆಗಿರಬಾರದು. ಗುರಿ ಕಣ್ಣಿಗೆ ಕಾಣಬೇಕು. ಸರಿ ಮಾಡಿದೆವೋ ತಪ್ಪಿದೆವೋ ಎಂಬುದು ಆಗಿಂದಾಗಲೇ ತಿಳಿಯಬೇಕು. ನೂಲುವುದರಲ್ಲಿ, ನೇಯುವುದರಲ್ಲಿ ಇವೆಲ್ಲ ತಾವಾಗಿಯೇ ಇವೆ. ಎಳೆ ಹರಿದದ್ದು ಆ ಕ್ಷಣವೇ ಗೊತ್ತಾಗುತ್ತದೆ, ಸುತ್ತಿದ ನೂಲು ಕಣ್ಣೆದುರಿಗೇ ಬೆಳೆಯುತ್ತದೆ. ಮಗ್ಗದ ಸದ್ದಿಗೆ ಒಂದು ಲಯವಿದೆ, ನುರಿತ ನೇಕಾರರಿಗೆ ಆ ಸದ್ದು ಕೊಂಚ ಬದಲಾದರೂ ಎಲ್ಲಿ ಏನಾಯಿತೆಂದು ತಿಳಿಯುತ್ತದೆ. ಜೊತೆಗೆ ತಾವು ನೇಯ್ದದ್ದು ಎಲ್ಲೋ ಒಂದು ಕಂಬದ ಮೇಲೆ ಹಾರುತ್ತದೆ ಎಂಬ ಅಭಿಮಾನ ಬೇರೆ. ಆ ಅಭಿಮಾನ ನಿಜವಾದದ್ದು, ದೊಡ್ಡದು. ಆದರೆ ಅದನ್ನು ಮುಂದೆ ಮಾಡಿ ಮಜೂರಿಯನ್ನು ಹಿಂದೆ ಹಾಕುವುದು ತಪ್ಪು.

ಕಾನೂನು ಮುಟ್ಟುವಲ್ಲಿ, ಮುಟ್ಟದಲ್ಲಿ

1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಒಪ್ಪಂದವೇ ಕೆಲಸದ ತಾಸುಗಳ ಕುರಿತದ್ದು. ಭಾರತದ 1948ರ ಕಾರ್ಖಾನೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ತಾಸಿನ ಮಿತಿ ಹಾಕಿತು, ವಾರಕ್ಕೊಂದು ರಜೆ ಕೊಟ್ಟಿತು, ಒಂದೇ ಸಮನೆ 5 ತಾಸಿಗಿಂತ ಹೆಚ್ಚು ದುಡಿಸಬಾರದು, ನಡುವೆ ಅರ್ಧ ತಾಸಾದರೂ ಬಿಡುವು ಕೊಡಬೇಕು ಎಂದಿತು. 2023ರಲ್ಲಿ ಕರ್ನಾಟಕ ಇದಕ್ಕೆ ತಿದ್ದುಪಡಿ ತಂದು, ವಾರದ ಒಟ್ಟು ಮಿತಿಯನ್ನು ಹಾಗೇ ಉಳಿಸಿ, ದಿನಕ್ಕೆ 12 ತಾಸಿನವರೆಗೆ ದುಡಿಸಲು ಎಡೆ ಮಾಡಿಕೊಟ್ಟಿತು. ನಾಲ್ಕು ದಿನ ದುಡಿದು ಮೂರು ದಿನ ಮನೆಯಲ್ಲಿರಬಹುದು ಎಂದು ಇದನ್ನು ಸಮರ್ಥಿಸಿದವರುಂಟು. ಹನ್ನೆರಡನೆಯ ತಾಸಿನಲ್ಲಿ ಆಗುವ ದಣಿವನ್ನು ಐದನೆಯ ದಿನದ ರಜೆ ಪೂರ್ತಿ ತೀರಿಸುವುದಿಲ್ಲ ಎಂಬುದನ್ನು ಮರೆಯಬಾರದು.

ಮನೆಯಲ್ಲೋ ಊರಿನ ಕೇಂದ್ರದಲ್ಲೋ ಲಡಿಯ ಲೆಕ್ಕದಲ್ಲಿ ನೂಲುವವರ ತಾಸನ್ನು ಎಣಿಸುವವರು ಯಾರೂ ಇಲ್ಲ. ಅವರ ಹಾಜರಿ ಲಡಿಗಳ ಎಣಿಕೆಯಲ್ಲಿದೆ. ಬೇಕಾದಾಗ ಬಂದು ಬೇಡವಾದಾಗ ಹೋಗುವ ಅನುಕೂಲ ಇದರಲ್ಲಿದೆ, ಮಕ್ಕಳು ಮರಿ ಇರುವ ಹೆಣ್ಣುಮಕ್ಕಳು ಈ ಕೆಲಸವನ್ನು ಆರಿಸಿಕೊಳ್ಳಲು ಅದೂ ಒಂದು ಕಾರಣ. ಆದರೆ ನೂಲುವವಳ ದಿನ ಚರಕದಿಂದ ಶುರುವಾಗುವುದಿಲ್ಲ. ಅದಕ್ಕೆ ಮೊದಲು ಕಸಮುಸುರಿ, ರೊಟ್ಟಿ, ನೀರು, ದನದ ಮೇವು, ಮಕ್ಕಳ ಶಾಲೆ ಎಲ್ಲ ಮುಗಿದಿರುತ್ತವೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಅಂಥ ಕೆಲಸ ಮಾಡುವ ಗಂಡಸರು 88 ನಿಮಿಷ. ಈ ಸುಮಾರು ಐದು ತಾಸನ್ನು ಲೆಕ್ಕಕ್ಕೆ ಹಿಡಿಯದೆ ಹೆಣ್ಣುಮಕ್ಕಳ ದುಡಿಮೆ ಮತ್ತು ಬಿಡುವಿನ ಬಗ್ಗೆ ಮಾತಾಡಿದರೆ ಅದು ಅರ್ಧ ಮಾತು. ಅವರಲ್ಲಿ ಹಲವರಿಗೆ ಕೇಂದ್ರಕ್ಕೆ ಬಂದು ಚರಕದ ಮುಂದೆ ಕೂರುವ ಹೊತ್ತೇ ಓರಗೆಯವರ ಜೊತೆ ಕೂಡುವ ಹೊತ್ತೂ ಆಗಿರುತ್ತದೆ. ಆದ್ದರಿಂದ ಚರಕಗಳನ್ನು ಒಂದೇ ಛಾವಣಿಯ ಕೆಳಗೆ ಎದುರುಬದುರಾಗಿ ಇಡುವುದೋ ಒಂದೊಂದನ್ನು ಒಂದೊಂದು ಮನೆಗೆ ಕೊಡುವುದೋ ಎಂಬುದು ಬರೀ ಅನುಕೂಲದ ಪ್ರಶ್ನೆಯಲ್ಲ. ಮಾತು, ನಗು, ಹಾಡು ಹುಟ್ಟಬೇಕಾದರೆ ಮಗ್ಗುಲಲ್ಲಿ ಇನ್ನೊಬ್ಬರು ಬೇಕು.

ಶ್ರಾವಣದ ಇಕ್ಕಟ್ಟು

ಧ್ವಜದ ಕೆಲಸಕ್ಕೆ ಅದರದೇ ಆದ ಸುಗ್ಗಿಯಿದೆ. ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯ ದಿನ ಹತ್ತಿರ ಬಂದಂತೆ ಬೇಡಿಕೆ ಏರುತ್ತದೆ, ಅದರಲ್ಲೂ ಆಗಸ್ಟಿನದು ದೊಡ್ಡದು. ಬಟ್ಟೆ ಮುಂದೆ ಹೋಗಿ ಧ್ವಜವಾಗುವ ಜಾಗಗಳಲ್ಲಿ ಈ ಒತ್ತಡ ಇನ್ನೂ ಹೆಚ್ಚು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿದ್ದು 1957ರ ನವೆಂಬರ್ 1ರಂದು. 2004ರಲ್ಲಿ ಅಲ್ಲಿ ಧ್ವಜ ಘಟಕ ಆರಂಭವಾಯಿತು, 2006ರಲ್ಲಿ ಅದಕ್ಕೆ ಮಾನಕ ಸಂಸ್ಥೆಯ ಪ್ರಮಾಣಪತ್ರ ಸಿಕ್ಕಿತು. ಬಣ್ಣ ಹಾಕುವುದು, ಕತ್ತರಿಸುವುದು, 24 ಕಡ್ಡಿಗಳ ಚಕ್ರ ಅಚ್ಚೊತ್ತುವುದು, ಹೊಲಿಯುವುದು, ಇಸ್ತ್ರಿ ಮಾಡುವುದು, ಹಗ್ಗ ಪೋಣಿಸುವುದು ಎಲ್ಲ ಅಲ್ಲಿ ನಡೆಯುತ್ತದೆ. ಒಂಬತ್ತು ಅಳತೆಯ ಧ್ವಜಗಳಿಗೂ ಉದ್ದ ಅಗಲದ ಪ್ರಮಾಣ 3:2 ಆಗಿರಬೇಕು. ಚಕ್ರ ಎರಡೂ ಬದಿಗೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಹೊಲಿಗೆಯ ಯಂತ್ರದ ಮುಂದಿರುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು.

ಈ ಒತ್ತಡ ಬರುವ ಕಾಲ ಯಾವುದು ನೋಡಿ. ಆಷಾಢ ಕಳೆದು ಶ್ರಾವಣ ಹಿಡಿಯುವ ಹೊತ್ತು. ಹೊಲದಲ್ಲಿ ಕಳೆ ತೆಗೆಯಲು ಆಳು ಬೇಕು, ಕೂಲಿಯೂ ಚೆನ್ನಾಗಿ ಸಿಗುತ್ತದೆ. ಮೇಲೆ ನಾಗರ ಪಂಚಮಿ. ಈ ಸೀಮೆಯಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣ ಬಂದು ಕರೆದುಕೊಂಡು ಹೋಗುತ್ತಾನೆ, ತವರಿನಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಹುರಿದ ಅಳ್ಳು, ಗಿಡದ ಟೊಂಗೆಗೆ ಕಟ್ಟಿದ ಜೋಕಾಲಿ. ವರ್ಷವಿಡೀ ಮನೆ ಹೊಲ ಎಂದು ದುಡಿದವಳು ಯಾರ ಮಾತಿಗೂ ಕಾಯದೆ ಜೀಕುವ ದಿನ ಅದು. 2024ರಲ್ಲಿ ಪಂಚಮಿ ಆಗಸ್ಟ್ 9ಕ್ಕೆ ಬಂತು, ಸ್ವಾತಂತ್ರ್ಯ ದಿನಕ್ಕೆ ಇನ್ನು ಆರೇ ದಿನ. ಹೊಲ, ಹಬ್ಬ, ಬಾವುಟ ಮೂರೂ ಒಂದೇ ವಾರಕ್ಕೆ ಬಂದು ನಿಂತಾಗ ಬಿಟ್ಟುಕೊಡಬೇಕಾಗಿ ಬರುವುದು ಹಬ್ಬವನ್ನೇ.

ಇದಕ್ಕೆ ಪರಿಹಾರ ದುಡಿಯುವವರ ಕೈಯಲ್ಲಿಲ್ಲ, ಕೊಳ್ಳುವವರ ಕೈಯಲ್ಲಿದೆ. ಇಲ್ಲಿ ಇನ್ನೊಂದು ಸಂಗತಿ ಬಂದು ಸೇರಿದೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಮತ್ತು ಪಾಲಿಯೆಸ್ಟರಿನ ಧ್ವಜಗಳಿಗೂ ಒಪ್ಪಿಗೆ ಸಿಕ್ಕಿತು. ಮನೆಮನೆಯಲ್ಲೂ ಬಾವುಟ ಹಾರಿದ 2022ರ ಆಗಸ್ಟಿನಲ್ಲಿ ಅಗ್ಗದ ಧ್ವಜಗಳು ಪೇಟೆ ತುಂಬಿದವು. ಈ ತಿದ್ದುಪಡಿಯನ್ನು ಧಾರವಾಡ ಸೀಮೆಯ ಖಾದಿ ಸಂಘಗಳು ಬಲವಾಗಿ ವಿರೋಧಿಸಿದವು. ಖಾದಿಯ ಧ್ವಜಕ್ಕೆ ಬೇಡಿಕೆ ಇಳಿದರೆ ನೂಲುವವರಿಗೆ, ನೇಯುವವರಿಗೆ, ಹೊಲಿಯುವವರಿಗೆ ಕೆಲಸದ ದಿನಗಳು ಕಡಿಮೆಯಾಗುತ್ತವೆ. ಕೆಲಸವಿಲ್ಲದ ದಿನವನ್ನು ಬಿಡುವಿನ ದಿನ ಎನ್ನಲಾಗದು. ಬಿಡುವು ಎಂದರೆ ನಾಳೆ ಕೆಲಸವಿದೆ, ಇಂದಿನ ಊಟಕ್ಕೆ ಚಿಂತೆಯಿಲ್ಲ ಎಂಬ ಧೈರ್ಯದಲ್ಲಿ ಕೈ ಇಳಿಸುವುದು. ಕೆಲಸಕ್ಕಾಗಿ ಕಾಯುತ್ತ ಕೂತವರಿಗೆ ದಣಿವು ಆರುವುದಿಲ್ಲ, ಹಬ್ಬವೂ ರುಚಿಸುವುದಿಲ್ಲ.

ಬಾವುಟದ ಬಟ್ಟೆ ಹಾಲು ತರಕಾರಿಯ ಹಾಗೆ ಕೆಡುವಂಥದ್ದಲ್ಲ. ಸರ್ಕಾರಿ ಕಚೇರಿಗಳು, ಶಾಲೆ ಕಾಲೇಜುಗಳು, ಪಂಚಾಯಿತಿಗಳು ತಮಗೆ ಬೇಕಾದ ಧ್ವಜಗಳನ್ನು ಜುಲೈ ಕೊನೆಯಲ್ಲಿ ಕೇಳುವ ಬದಲು ಗಣರಾಜ್ಯ ದಿನ ಮುಗಿದ ಕೂಡಲೇ, ಫೆಬ್ರುವರಿ ಮಾರ್ಚಿನಲ್ಲಿ ಹೇಳಿಟ್ಟು ಮುಂಗಡ ಕೊಟ್ಟರೆ ಕೆಲಸ ವರ್ಷದುದ್ದಕ್ಕೂ ಹಂಚಿಹೋಗುತ್ತದೆ. ಹಿಂಗಾರಿ ರಾಶಿ ಮುಗಿದು ಹೊಲದಲ್ಲಿ ಕೂಲಿ ಇಲ್ಲದ ಬೇಸಿಗೆಯ ತಿಂಗಳುಗಳಲ್ಲಿ ಚರಕ ತಿರುಗುತ್ತವೆ, ಮಗ್ಗ ನಡೆಯುತ್ತವೆ, ಬಟ್ಟೆ ಸಂಘದ ಉಗ್ರಾಣದಲ್ಲಿ ಕೂಡುತ್ತದೆ. ಬಣ್ಣ ಮತ್ತು ಹೊಲಿಗೆಯ ಕೆಲಸ ಮಳೆಗಾಲಕ್ಕೆ ಮೊದಲೇ ಬಹುಪಾಲು ಮುಗಿದಿರುತ್ತದೆ. ಆಗ ನೂಲುವವಳು ಪಂಚಮಿಯ ಹಿಂದಿನ ದಿನ ಲಡಿಯನ್ನು ತೂಕಕ್ಕೆ ಕೊಟ್ಟು, ಮಜೂರಿಯನ್ನು ಸೆರಗಿಗೆ ಕಟ್ಟಿಕೊಂಡು ತವರಿಗೆ ಹೋಗಬಹುದು.